ಸಾಧು ರೋಗಾಣು

ಭೇದಿ ಹತ್ತಿಸುವ ರೋಗಾಣುವಿನಿಂದ ಕಾಯಿಲೆ ತರುವ ಜೀನನ್ನಷ್ಟೇ ಕತ್ತರಿಸಿ, ಅದನ್ನು ಸಾಧು ಮಾಡಲು ಭಾರ್ಗವಿ ಮೂರು ವರ್ಷ ಹೆಣಗಿದ್ದಳು. ಕೊನೆಗೆ ನಿನ್ನೆ, ಪ್ರಯೋಗಾಲಯದ ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟು ಹಾಲಿನಲ್ಲಿ ಬೆಳೆಸಿದ ಆ ರೋಗಾಣುವನ್ನು ಆರು ಇಲಿಗಳಿಗೆ ಕುಡಿಸಿದ್ದಳು. ಇವತ್ತು ಆರೂ ಕುಣಿಯುತ್ತಿದ್ದವು.

"ಭೇಷ್ ಕಣಮ್ಮಾ!" ಎಂದರು ಅವಳ ಗೈಡ್. "ಅಂದಹಾಗೆ, ಈ ಚಳಿಗೆ ಮನೇಲಿ ಹೆಪ್ಪಾಗಲ್ಲ ಅಂತ ನಿನ್ನ ಬೆಚ್ಚನೆ ಪೆಟ್ಟಿಗೇಲಿ ನಾನೂ ಒಂದು ಬಾಟ್ಲಿ ಮೊಸರಿಗಿಟ್ಟಿದ್ದೆ. ಯಾಕೋ ನೀರುನೀರು. ಉಪ್ಪು ಹಾಕ್ಕೊಂಡು ನಿನ್ನೆ ಕುಡಿದೇಬಿಟ್ಟೆ."

ಇಲಿಗಳಿಗೆ ಕುಡಿಸಿ ಉಳಿದದ್ದನ್ನು ಅವಳು ಮೂಸಿದಳು. ಅಪ್ಪಟ ಮೊಸರು!

"ಸರ್, ಹೊಟ್ಟೆ ಹೇಗಿದೆ?"

"ಕಲ್ಲು ತಿಂದ್ರೂ ಕರಗುತ್ತೆ. ಯಾಕೆ?"

ಅವಳು ನೋಟ್‌ಬುಕ್ಕಿನಲ್ಲಿ 'ಇಲಿಗಳು: ಆರು' ಎಂಬುದನ್ನು ಹೊಡೆದುಹಾಕಿ 'ಒಂದು' ಎಂದು ಬರೆದಳು.

"ನಿಮ್ಮ ತೂಕ ಎಷ್ಟು ಸರ್?"