ಪಟಿಕದ ಗಟ್ಟಿ

ಕಿರಾಣಿ ಅಂಗಡಿಯಲ್ಲಿ ಪಟಿಕದ ಗಟ್ಟಿ ಕಂಡರೆ ಈಗಲೂ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಮಾನ್ವಿಯ ನಮ್ಮ ಮನೆಯಲ್ಲಿ ಅಪ್ಪ ಮೀನು ಸಾಕಲು ಗಾಜಿನ ತೊಟ್ಟಿ ಇಟ್ಟಿದ್ದ. ಹಳ್ಳದ ಮರಳು ತೊಳೆದು ಹಾಸಿ, ಕಾಲುವೆಯಿಂದ ತಂದ ನೀರುಗಿಡ ನೆಟ್ಟು, ರಾಯಚೂರಿನಿಂದ ನಾಲ್ಕು ಕೆಂಪು ಮೀನು ತಂದು ಬಿಟ್ಟಿದ್ದ. ವಾರವಾದರೂ ನೀರು ಮಬ್ಬಾಗಿಯೇ ಇತ್ತು.

"ಗಿಡ ಬೇರು ಬಿಡ್ಲಿ, ನೀರು ತಾನ ತಿಳಿ ಆಗ್ತದ. ಯಾರೂ ಕೈ ಹಚ್ಚಬ್ಯಾಡ್ರಿ," ಎಂದಿದ್ದ.

ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಕಾಲುವೆಯ ಕೆಂಪು ನೀರಿನ ಕೊಡದಲ್ಲಿ ಅಜ್ಜಿ ದಿನವೂ ಪಟಿಕ ತಿರುವಿ ತಿಳಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನಾನೂ ತೊಟ್ಟಿಯಲ್ಲಿ ಹಾಗೆಯೇ ತಿರುವಿದೆ. ನೀರೇನೋ ತಿಳಿಯಾಯಿತು. ಆದರೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

ಹೊರಗಿಂದ ಬಂದ ಅಪ್ಪ ಎಲೆಗಳ ಮೇಲೆ ಕೂತ ಬಿಳಿ ಗಸಿ ನೋಡಿದ. "ಯಾರು ಇದರಾಗ ಪಟಿಕ ಹಾಕಿದೋರು?" ಎಂದು ಗುಡುಗಿದ. ನಾನು ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ನಾನ ಹಾಕೀನಪ್ಪಾ," ಎಂದಳು ಅಜ್ಜಿ, ಅಕ್ಕಿ ಆರಿಸುತ್ತಲೇ. "ನಾವು ಕುಡಿಯೋ ನೀರಿಗೆ ಹಾಕಂಗಿಲ್ಲೇನು? ಮೀನೇನು ನಮಗಿಂತ ಹೆಚ್ಚಾ? ಒದರಾಡಬ್ಯಾಡ, ಮೊದ್ಲು ಅವನ್ನ ಬ್ಯಾರೆ ನೀರಿಗೆ ಬಿಡು."

ಬಾವಿ ನೀರಿನ ಬೋಗುಣಿಯಲ್ಲಿ ನಾಲ್ಕೂ ಮೀನು ಸಂಜೆಯ ಹೊತ್ತಿಗೆ ತಳಕ್ಕಿಳಿದು ಬಾಲ ಆಡಿಸಿದವು. ಅಪ್ಪ ಗಿಡ ತೊಳೆದು ಮತ್ತೆ ನೆಟ್ಟ. ನನಗೂ ಆಗಲೇ ಉಸಿರು ಬಂತು.

ಮರುದಿನ ನೋಡಿದರೆ, ಕೊಡದ ಪಕ್ಕದಲ್ಲಿರುತ್ತಿದ್ದ ಪಟಿಕವನ್ನು ಅಜ್ಜಿ ಗೋಡೆಯ ಮೇಲಿನ ಗೂಡಿಗೆ ಏರಿಸಿದ್ದಳು, ನನ್ನ ಕೈಗೆ ಎಟುಕದಷ್ಟು ಎತ್ತರಕ್ಕೆ.