ಅವರು ಬಂದ್ಮೇಲೆ

“ಗಾಡಿ ಓಡಿಸೋದು ನಿಮ್ಮ ಮನೆಯವ್ರು ತಾನೆ? ಎಲ್ಲಿ, ಕಾಣ್ತಿಲ್ಲ?” ಹಳೆಯ ಕಾರಿನ ಬಾನೆಟ್ ಮೇಲೆ ಇನ್ಶೂರೆನ್ಸ್ ಕಾಗದ ಹರಡುತ್ತಾ ಏಜೆಂಟು ಕೇಳಿದ.

“ಅವರಿಲ್ಲ,” ಎಂದಳು ಕಾರು ಕೊಂಡ ನರ್ಸು. “ಓಡಿಸೋದು ನಾನೇ. ಹೋದ ವಾರ ಲೈಸೆನ್ಸ್ ಬಂತು.”

“ಹಳೇ ಗಾಡಿ, ಹೊಸ ಕೈ! ಪ್ರೀಮಿಯಂ ಸ್ವಲ್ಪ ಜಾಸ್ತಿನೇ ಅಕ್ಕಾ. ಅವ್ರು ಬಂದ್ಮೇಲೆ ಒಂದ್ಸಲ ಕಾಗದ ತೋರ್ಸಿ.”

ಇಲ್ಲ ಎಂದರೆ ಊರಲ್ಲಿಲ್ಲ ಎಂದುಕೊಂಡಿದ್ದ. ಗಂಡ ತೀರಿಕೊಂಡದ್ದನ್ನು ಬಿಡಿಸಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಹೂಂ, ತೋರಿಸ್ತೀನಿ,” ಎಂದು ಸಹಿ ಹಾಕಿದಳು. ಕೀ ತೆಗೆದುಕೊಂಡು ಕಾರು ಹತ್ತಿದಳು. ಬೆಲ್ಟ್ ಹಾಕಿಕೊಂಡು, ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎಂದಿನಂತೆ ರಸ್ತೆ ನೋಡುತ್ತಾ ಕೂತಳು.

ಸ್ವಲ್ಪ ಹೊತ್ತು ನೋಡಿ ಏಜೆಂಟು ಕಿಟಕಿಯ ಹತ್ತಿರ ಬಗ್ಗಿದ.

“ಅಕ್ಕಾ, ಸ್ಟೇರಿಂಗು ಆ ಕಡೆ ಇದೆ.”