ಮೋಡದ ಮೇಲಿನ ಗಂಡ

ಗಂಡನ ಹೊಕ್ಕುಳ ಪಕ್ಕದ ಮಚ್ಚೆ ಆ ‘ಹೆಗ್ಗಣ’ಕ್ಕೆ ಹೇಗೆ ಗೊತ್ತಾಯಿತು?

ಟೈಲರಮ್ಮ ಟ್ಯಾಬಿನ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಅದೇ ಎಡಗಡೆ, ಅದೇ ಕಡಲೆಕಾಳಿನ ಗಾತ್ರ. ಅವಳು ಬರೆದು ಹಾಕಿದ್ದು ಗಂಡನ ಮುಖವನ್ನು ಮಾತ್ರ.

ಅವಳು ಸೇರಿದ್ದ ಆನ್‌ಲೈನ್ ಚಿತ್ರ ಬಳಗದ ಪದ್ಧತಿಯೇ ಹಾಗೆ: ಒಬ್ಬರು ಹಾಕಿದ ಚಿತ್ರವನ್ನು ಯಾರು ಬೇಕಾದರೂ ಎತ್ತಿಕೊಂಡು, ತಮ್ಮದೂ ಒಂದಿಷ್ಟು ಸೇರಿಸಿ, ಮರಳಿ ಹಾಕಬಹುದು. ವರ್ಷವಿಡೀ ಅವಳ ಹೂಕುಂಡಗಳನ್ನು ಯಾರೂ ಮೂಸಿ ಸಹ ನೋಡಿರಲಿಲ್ಲ. ಕೊನೆಗೊಂದು ದಿನ ಗಂಡನ ಮುಖ ಬರೆದು, ಕೆಳಗೆ ‘ಇವರಿಲ್ಲದ ಮನೆ’ ಎಂದು ಹಾಕಿದಳು. ಬಳಗ ಕಣ್ಣೀರಾಯಿತು. ಒಬ್ಬರು ರೆಕ್ಕೆ ಹಚ್ಚಿದರು. ಒಬ್ಬರು ಮೋಡದ ಮೇಲೆ ಕೂರಿಸಿದರು. ಮತ್ತೊಬ್ಬರು ಮೀಸೆಯನ್ನೇ ದೋಣಿ ಮಾಡಿ ತೇಲಿಬಿಟ್ಟರು. ಅವಳೂ ಬೇಡವೆನ್ನಲಿಲ್ಲ. ಈಗ ಹೆಗ್ಗಣ ಎಂಬ ಹೊಸ ಸದಸ್ಯ, ಮೋಡದ ಗಾಳಿಗೆ ಅಂಗಿ ಹಾರಿಸಿ ಹೊಟ್ಟೆಯನ್ನೇ ತೋರಿಸಿಬಿಟ್ಟಿದೆ.

ಬಳಗದ ಹಿರಿಯಕ್ಕನಿಗೆ ಫೋನ್ ಮಾಡಿದಳು. “ಆ ಮಚ್ಚೆ ನನಗೂ ಡಾಕ್ಟರಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಕ್ಕಾ. ಡಾಕ್ಟರಿಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ. ಅವರು ಹಾಕಿದ ಹೊಲಿಗೆ ನೋಡಿದೀನಿ.”

ಹಿರಿಯಕ್ಕ ದನಿ ತಗ್ಗಿಸಿದಳು. “ಬೇರೆ ಯಾರಾದ್ರೂ ಇದ್ರೇನಮ್ಮಾ ಅವರಿಗೆ?”

“ಬರ್ಲಿ, ಕೇಳ್ತೀನಿ.”

“ಹೋದೋರು ಎಲ್ಲಮ್ಮಾ ಬರ್ತಾರೆ!” ಹಿರಿಯಕ್ಕ ಬಿಕ್ಕಿದಳು. “ಸ್ವಲ್ಪ ಹೊತ್ತು ಮಲಕ್ಕೋ.”

ಮಲಗುವ ಬದಲು ಅವಳು ಹೆಗ್ಗಣದ ಚಿತ್ರದ ಮೇಲೊಂದು ಪೊರಕೆ ಬರೆದಳು, ಹೊಟ್ಟೆಗೇ ಗುರಿಯಿಟ್ಟು. ಹೆಗ್ಗಣ ಪೊರಕೆಯಲ್ಲಿ ಹೂ ಅರಳಿಸಿತು. ಇವಳು ಹೂವಿಗೆ ಜೇನುಹುಳ ಬಿಟ್ಟಳು. ಅದು ಹುಳಕ್ಕೆ ಟೈ ಕಟ್ಟಿ, ಕೈಗೆ ಬ್ಯಾಗು ಕೊಟ್ಟು ಆಫೀಸಿಗೆ ಕಳಿಸಿತು. ಟೈಲರಮ್ಮ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಂಡನ ಹೊಟ್ಟೆ ಕಂಡವಳ ಜೊತೆ ಇದೆಂಥ ಆಟ? ಆದರೂ, ಹೀಗೆ ಮನಸಾರೆ ನಕ್ಕು ಎಷ್ಟು ಕಾಲವಾಗಿತ್ತೋ.

‘ಧೈರ್ಯ ಇದ್ರೆ ಮನೆಗೆ ಬಾ’ ಎಂದು ಟೈಪ್ ಮಾಡಿದಳು.

‘ಬಂದೆ’ ಎಂದಿತು ಹೆಗ್ಗಣ. ವಿಳಾಸ ಕೇಳಲಿಲ್ಲ.

ಕರೆಗಂಟೆ ಸದ್ದಾಯಿತು. ಬಟ್ಟೆ ಅಳೆಯುವ ಮರದ ಸ್ಕೇಲು ಹಿಡಿದು, ಬಯ್ಯಬೇಕಾದ್ದನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಅವಳು ಬಾಗಿಲು ತೆರೆದಳು.

ಡ್ಯೂಟಿ ಮುಗಿಸಿ ಬಂದ ಗಂಡ ಮೊಬೈಲನ್ನು ಜೇಬಿಗಿಳಿಸುತ್ತ ಕೇಳಿದ: “ಸಾಯಿಸಿದ್ದು ಹೋಗ್ಲಿ ಕಣೇ, ಮೂಗು ಯಾಕೆ ಅಷ್ಟುದ್ದ ಮಾಡಿದೆ?”